ಮೊದಲ ದಿನ ಮಕ್ಕಳಿಗೆ ನಿಮ್ಮ ಪರಿಚಯ ಹೇಗೆ ಮಾಡಿಕೊಳ್ತೀರಿ?

ಈ ವರ್ಷ ಹೊಸದಾಗಿ ಪ್ರೈಮರಿ ಶಾಲೆಗೆ ಸೇರಿದ ಟೀಚರ್‌ಗಳಿಗೆ ಒಂದು ಸಲಹೆ. ನಾನು ಉಡುಪಿ ಹತ್ತಿರ ಮೂರನೇ ತರಗತಿಗೆ ಕಲಿಸುತ್ತೇನೆ. ಮೊದಲ ವರ್ಷ ನನ್ನ ಹೆಸರು, ಊರು, ಓದಿದ್ದು ಎಲ್ಲ ಹೇಳಿದ್ದೆ. ಮಕ್ಕಳು ಸುಮ್ನೆ ನೋಡ್ತಾ ಕುಳಿತಿದ್ದರು.

ಈಗ ಬಟ್ಟೆ ಚೀಲದಲ್ಲಿ ಮನೆಯ ಮೂರು ವಸ್ತು ತೆಗೆದುಕೊಂಡು ಹೋಗುತ್ತೇನೆ. ಮಲ್ಪೆ ಬೀಚಿನಲ್ಲಿ ಹೆಕ್ಕಿದ ಚಿಪ್ಪು, ನಾನು ಎರಡನೇ ಕ್ಲಾಸಿನಲ್ಲಿ ಬರೆದ ಕಾಪಿ ಪುಸ್ತಕ, ಆಮೇಲೆ ಅಮ್ಮ ಕಟ್ಟಿದ ಒಂದು ಚೆಂಡು ಮಲ್ಲಿಗೆ (ಚೆಂಡು ಅಂದರೆ ನಮ್ಮ ಕಡೆ ಕಟ್ಟಿದ ಮಲ್ಲಿಗೆಯ ಅಳತೆ). ಒಂದೊಂದೇ ಹೊರಗೆ ತೆಗೆದು, ಇದು ಯಾಕೆ ನನ್ನ ಹತ್ತಿರ ಇದೆ ಅಂತ ಮಕ್ಕಳನ್ನೇ ಕೇಳುತ್ತೇನೆ, ಅವರು ಊಹೆ ಮಾಡುತ್ತಾ ಮಾಡುತ್ತಾ ನನ್ನ ಮನೆ, ಅಮ್ಮ, ಇಷ್ಟದ ಜಾಗ ಎಲ್ಲ ತಾವೇ ಕಂಡುಹಿಡಿಯುತ್ತಾರೆ.

ಮಲ್ಲಿಗೆ ಬಂದರೆ ಲೆಕ್ಕವೂ ಬಂತು, ನನಗೆ ಅದೇ ಜಾಸ್ತಿ ಇಷ್ಟದ ಪಾಠ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟಿ, ಹಾಗಾದರೆ ಐದು ಅಟ್ಟಿಗೆ ಎಷ್ಟು ಚೆಂಡು? ಮಲ್ಲಿಗೆ ಬೆಳೆಯುವ ಶಂಕರಪುರ ಕಡೆಯ ಮಕ್ಕಳಾದರೆ ಮನೆಯಲ್ಲಿ ದಿನಾ ಕೇಳಿದ ಮಾತು, ಥಟ್ಟನೆ 20 ಅಂತಾರೆ.

ಇನ್ನೊಂದು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳಿರುತ್ತಾರೆ ಅಲ್ವಾ, ಅವರು ತಮ್ಮ ಭಾಷೆಯಲ್ಲಿ ಉತ್ತರಿಸಿದರೆ ತಡೆಯಬೇಡಿ. ತುಳುವಿನಲ್ಲಿ 'ನಿನ್ನ ಪುದರ್ ದಾನೆ?' (ನಿನ್ನ ಹೆಸರೇನು?) ಅಂತ ಒಮ್ಮೆ ಕೇಳಿ ನೋಡಿ, ಹಿಂದಿನ ಬೆಂಚಿನ ಮಗುವಿನ ಮುಖ ಅರಳುತ್ತದೆ. ಮರುದಿನ ಚೀಲ ಒಬ್ಬ ಮಗುವಿನ ಕೈಗೆ ಕೊಟ್ಟು ಕಳಿಸಿ, ತನ್ನ ಮನೆಯ ಮೂರು ವಸ್ತು ತರಲಿ. ಬೆಲೆಬಾಳುವಂಥದ್ದು ಬೇಡ ಅಂತ ಮೊದಲೇ ಹೇಳಿಬಿಡಿ.