ಕೊನೆಯ ಶನಿವಾರ, ಭಾನುವಾರ ಬರ್ಲಿನ್ ಬಿಟ್ಟು ಕದಲಲಿಲ್ಲ

"ಕೊನೇ ವೀಕೆಂಡು ಎಲ್ಲೂ ಹೋಗಲ್ಲ, ರಿಂಗ್‌ಬಾನ್ ಹತ್ತಿ ಸುತ್ತುತೀನಿ" ಅಂದಾಗ ಗೆಳೆಯರು ಯಾರೂ ನಂಬಲಿಲ್ಲ. ಬರ್ಲಿನ್‌ನಲ್ಲಿ ಎರಡು ವರ್ಷದ ಓದು ಮುಗಿಸಿ ವಾಪಸ್ ಹೊರಟಿದ್ದೆ. ರಿಂಗ್‌ಬಾನ್ ಅಂದರೆ ಆ ಊರೊಳಗೆ ಉಂಗುರದ ಹಾಗೆ ಸುತ್ತು ಹಾಕುವ ರೈಲು. "ಎರಡು ವರ್ಷ ಓಡಾಡಿದ ಟ್ರೇನಲ್ಲೇ ಮತ್ತೆ ಸುತ್ತೋದಾ? ಪ್ಯಾರಿಸ್ ನೋಡದೆ ಹೊರಟುಬಿಡ್ತೀಯಾ ಮಾರಾಯ?" ಅಂತ ಒಬ್ಬ ಬೈದೇಬಿಟ್ಟ. ಅದೇ ಪುಣ್ಯಾತ್ಮ ಶನಿವಾರ ಸಂಜೆ ನಾನು ಕೂತಿದ್ದ ಟೆಂಪಲ್‌ಹೋಫ್ ಮೈದಾನಕ್ಕೆ ತಾನಾಗಿಯೇ ಬಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಟ ಹಿಡಿಯೋಕೆ ಕಾರಣ ಇತ್ತು. ಮೊದಲು ಮ್ಯೂನಿಕ್‌ನಲ್ಲಿ ಒಂದು ಎಕ್ಸ್‌ಚೇಂಜ್ ಸೆಮಿಸ್ಟರ್ ಮಾಡಿದ್ದೆ. ಆಗಿನ ಕೊನೆಯ ಶನಿವಾರ, ಭಾನುವಾರ ವಿಯೆನ್ನಾಗೆ ಓಡಿದೆ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಇಡೀ ದಿನ ನಡಿಗೆ, ಷೋನ್‌ಬ್ರುನ್ ಅರಮನೆ ಮುಂದೆ ಫೋಟೊ. ಭಾನುವಾರ ವಾಪಸ್ ಬರೋ ಬಸ್ಸು ಕ್ಯಾನ್ಸಲ್ ಆಯಿತು. ಅಲ್ಲೇ ನಿಂತು ಟ್ರೇನ್ ಟಿಕೆಟ್ ತೆಗೆದುಕೊಂಡೆ, 90 ಯೂರೊ ಮೇಲೇ ಆಯಿತು. ಸೋಮವಾರ ಬೆಳಿಗ್ಗೆ 9ಕ್ಕೆ ರೂಮ್ ಒಪ್ಪಿಸಬೇಕು, ಒಲೆ ಕೂಡ ಉಜ್ಜಿರಲಿಲ್ಲ. ಸ್ವಚ್ಛ ಮಾಡೋ ಖರ್ಚು ಅಂತ ಡಿಪಾಸಿಟ್‌ನಲ್ಲಿ 120 ಯೂರೊ ಹಿಡಿದುಕೊಂಡರು. ದುಡ್ಡು ಹೋಗಿದ್ದಕ್ಕಿಂತ ಬೇಜಾರಾಗಿದ್ದು ಬೇರೆ. ಐದು ತಿಂಗಳು ದಿನಾ ಸಂಜೆ ಇಸಾರ್ ನದಿ ಪಕ್ಕ ಕೂರುತ್ತಿದ್ದೆವು. ಹೊರಡೋ ಮುಂಚೆ ಅಲ್ಲಿಗೆ ಒಂದು ಸಲ ಹೋಗೋಕೂ ಆಗಲಿಲ್ಲ.

ಹಾಗಾಗಿ ಬರ್ಲಿನ್‌ನಲ್ಲಿ ಲೆಕ್ಕ ತಿರುಗಿಸಿದೆ. ಶುಕ್ರವಾರ ಸಂಜೆ 6ರ ನಂತರ ಒಂದೇ ಒಂದು ಕಾಗದದ ಕೆಲಸ ಉಳಿಯಬಾರದು. ಆಬ್‌ಮೆಲ್ಡುಂಗ್ (ಮನೆ ಬಿಟ್ಟು ಹೋಗ್ತಿದ್ದೀನಿ ಅಂತ ಸರ್ಕಾರಿ ಕಚೇರಿಗೆ ಕೊಡೋ ಅರ್ಜಿ) ಅನ್ನು ಮನೆ ಬಿಡೋಕೆ ಒಂದು ವಾರ ಇರುವಾಗಿನಿಂದ ಕೊಡಬಹುದಲ್ವಾ, ಗುರುವಾರವೇ ಪೋಸ್ಟ್ ಮಾಡಿದೆ. ಸೈಕಲ್ ಮಾರಿದೆ. 80ಕ್ಕೆ ಕೊಂಡಿದ್ದು, 95ಕ್ಕೆ ಹೋಯಿತು. ಹೇಗೆ ಅಂತ ಮಾತ್ರ ಹೇಳಲ್ಲ, ಅದನ್ನು ಜೂನಿಯರ್ ಒಬ್ಬನಿಗೆ ಮಾತ್ರ ಹೇಳಿಕೊಟ್ಟಿದ್ದೇನೆ. ಪೆಟ್ಟಿಗೆ ಎರಡು, ತಲಾ 23 ಕೆಜಿ. ಶುಕ್ರವಾರವೇ ತೂಕ ಹಾಕಿ ಬೀಗ ಹಾಕಿದೆ.

ವ್ಯಾಕ್ಯೂಮ್ ಹೊಡೆಯೋದನ್ನು ಭಾನುವಾರಕ್ಕೆ ಇಟ್ಟುಕೊಳ್ಳಲೇಬೇಡಿ. ಜರ್ಮನಿಯ ಭಾನುವಾರ ಗೊತ್ತೇ ಇದೆ, ಸದ್ದು ಮಾಡಿದರೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಅಂಗಡಿಗಳೂ ಮುಚ್ಚಿರುತ್ತವೆ, ಹಾಗಾಗಿ ಫಾಂಡ್ ಬಾಟಲಿಗಳಿಗೆ, ಅಂದರೆ ಅಂಗಡಿಯ ಮಷಿನ್‌ಗೆ ವಾಪಸ್ ಹಾಕಿದರೆ ಠೇವಣಿ ದುಡ್ಡು ಸಿಗುವ ಖಾಲಿ ಬಾಟಲಿಗಳಿಗೆ, ಶನಿವಾರವೇ ಕೊನೆ. ಬೆಳಿಗ್ಗೆ ಎರಡು ಚೀಲ ಹೊತ್ತುಕೊಂಡು ಹೋದೆ. ಮಷಿನ್ ಒಂದೊಂದೇ ಬಾಟಲಿ ಒಳಗೆ ಎಳೆದುಕೊಂಡು ತಿರುಗಿಸಿ ನೋಡುತ್ತೆ, ಆಮೇಲೆ ಕರಕರ ಅಂತ ಜಜ್ಜುವ ಸದ್ದು. ಜಜ್ಜಿಹೋಗಿದ್ದ ಒಂದನ್ನು ಮೂರು ಸಲ ವಾಪಸ್ ಉಗುಳಿತು. ಕೈಯಲ್ಲೇ ಉಬ್ಬಿಸಿ ಕೊಟ್ಟೆ, ತಗೊಂಡಿತು. 45 ಬಾಟಲಿ, ತಲಾ 25 ಸೆಂಟ್, 11 ಯೂರೊ 25 ಸೆಂಟ್‌ನ ಚೀಟಿ ಬಂತು. ಆ ದಿನದ ಊಟದ ಖರ್ಚು ಅದರಲ್ಲೇ ಹೆಚ್ಚುಕಮ್ಮಿ ಮುಗಿಯಿತು.

ಆಮೇಲೆ ವೆಡ್ಡಿಂಗ್ ಅನ್ನೋ ಸ್ಟೇಷನ್‌ನಲ್ಲಿ ರಿಂಗ್‌ಬಾನ್‌ನ ಎಸ್41 ರೈಲು ಹತ್ತಿದೆ. ಇದು ಗಡಿಯಾರದ ಮುಳ್ಳಿನ ದಿಕ್ಕಿಗೆ ಹೋಗುತ್ತೆ, ಎಸ್42 ಉಲ್ಟಾ. 27 ಸ್ಟೇಷನ್, ಪೂರ್ತಿ ಸುತ್ತಿಗೆ ಒಂದು ಗಂಟೆ. ನಾನು 13 ಗಂಟೆ ತಗೊಂಡೆ. ನಿಯಮ ಒಂದೇ: ನನಗೆ ಏನಾದರೂ ಆಗಿದ್ದ ಸ್ಟೇಷನ್‌ನಲ್ಲಿ ಮಾತ್ರ ಇಳಿಯಬೇಕು. ಷೋನ್‌ಹೌಸರ್ ಅಲ್ಲೆ, ಮೊದಲ ಪಾರ್ಟ್‌ಟೈಮ್ ಕೆಲಸ. ಓಸ್ಟ್‌ಕ್ರೊಯ್ಟ್ಸ್, ಮೊದಲ ಚಳಿಗಾಲದಲ್ಲಿ ದಾರಿ ತಪ್ಪಿ ಪ್ಲ್ಯಾಟ್‌ಫಾರ್ಮ್ ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಅಲೆದ ಜಾಗ. ಟ್ರೆಪ್ಟೋವರ್ ಪಾರ್ಕ್‌ನಲ್ಲಿ ಸ್ಪ್ರೀ ನದಿ ಪಕ್ಕ ಒಂದು ಗಂಟೆಗಿಂತ ಜಾಸ್ತಿ ಕೂತೆ. ಥೀಸಿಸ್ ವಿಷಯ ಬದಲಾಯಿಸಬೇಕು ಅಂತ ಗೊತ್ತಾದ ದಿನ ಇದೇ ಬೆಂಚಿನ ಮೇಲೆ ಅತ್ತಿದ್ದೆ. ಒಂದು ದಿನಕ್ಕೆ ಐದಾರು ಜಾಗ ಸಾಕು. ಎಂಟು ಅಂದುಕೊಂಡಿದ್ದೆ, ಎರಡು ಬಿಟ್ಟೆ.

ಸಂಜೆ ಟೆಂಪಲ್‌ಹೋಫ್ ಮೈದಾನ. 2008ರಲ್ಲಿ ವಿಮಾನ ನಿಂತು, 2010ರಲ್ಲಿ ಜನರಿಗೆ ತೆರೆದ ಹಳೆಯ ವಿಮಾನ ನಿಲ್ದಾಣ. ಜುಲೈ ಕೊನೆಯಲ್ಲಿ ಸೂರ್ಯ ಮುಳುಗೋದು ರಾತ್ರಿ 9ರ ಸುಮಾರಿಗೆ. ಗೆಳೆಯರಿಗೆ "ರನ್‌ವೇ ಮೇಲೆ 7ಕ್ಕೆ ಇರ್ತೀನಿ" ಅಂತ ಒಂದೇ ಮೆಸೇಜ್ ಹಾಕಿದ್ದೆ. ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಬೀಳ್ಕೊಡುಗೆ ಮಾಡೋದು ಬೇಡ, ನೀವು ಒಂದು ಕಡೆ ಕೂತರೆ ಬರಬೇಕಾದವರು ಬರುತ್ತಾರೆ. ಒಂಬತ್ತು ಜನ ಬಂದರು.  ಕತ್ತಲಾಗಿ ಗೇಟ್ ಹಾಕೋವರೆಗೂ ಕೂತಿದ್ದು, ಉಳಿದ ಪಶ್ಚಿಮದ ಅರ್ಧ ಸುತ್ತನ್ನು ರಾತ್ರಿ ನಾಲ್ಕು ಜನ ಒಟ್ಟಿಗೆ ಮುಗಿಸಿದೆವು.

ನಡುವೆ ಎರಡು ಪ್ರಯೋಗ ಮಾಡಿದೆ. ಹಳೇ ಫಿಲ್ಮ್ ಕ್ಯಾಮೆರಾದಲ್ಲಿ 36 ಫೋಟೊ ಮಾತ್ರ ತೆಗೀಬೇಕು ಅನ್ನೋದು ಒಂದು. ರೋಲ್ ಮತ್ತು ತೊಳೆಸಿದ್ದಕ್ಕೆ 30 ಯೂರೊ ಹತ್ತಿರ ಹೋಯಿತು, ಅರ್ಧಕ್ಕರ್ಧ ಕಪ್ಪು. ಬೇಡವೇ ಬೇಡ. ಇನ್ನೊಂದು, ಫೋನಲ್ಲಿ ಸದ್ದು ರೆಕಾರ್ಡ್ ಮಾಡಿದ್ದು. ಬಾಗಿಲು ಮುಚ್ಚೋ ಮುಂಚಿನ "ತ್ಸುರ್ಯುಕ್‌ಬ್ಲೈಬೆನ್ ಬಿಟ್ಟೆ" (ದಯವಿಟ್ಟು ಹಿಂದೆ ನಿಲ್ಲಿ), ಮೆಟ್ಟಿಲ ಮೇಲಿನ ಹೆಜ್ಜೆ ಸದ್ದು, ನಮ್ಮ ಕಿಚನ್‌ನ ಹಳೇ ಫ್ರಿಜ್ಜಿನ ಗುಂಯ್ ಸದ್ದು. ತಲಾ ಒಂದು ನಿಮಿಷ. ವಾಪಸ್ ಬಂದಮೇಲೆ ಫೋಟೊಗಿಂತ ಇದನ್ನೇ ಜಾಸ್ತಿ ತೆಗೆದು ಕೇಳಿದ್ದೇನೆ.

ಭಾನುವಾರ ಮೌವರ್‌ಪಾರ್ಕ್ ಸಂತೆಗೆ ಒಂದು ಸುತ್ತು ಹೋದೆ, ಅಷ್ಟೇ. ಮಿಕ್ಕಿದ್ದೆಲ್ಲ ಅಡುಗೆಮನೆಯಲ್ಲಿ, ಫ್ಲ್ಯಾಟ್‌ನವರ ಜೊತೆ. ಎರಡು ದಿನಕ್ಕೆ ಫಿಲ್ಮ್ ಬಿಟ್ಟು 40 ಯೂರೊ ಆಗಿರಬಹುದು.

ಸೋಮವಾರ ರೂಮ್ ಒಪ್ಪಿಸೋಕೆ ಇಪ್ಪತ್ತು ನಿಮಿಷ ಸಾಕಾಯಿತು. ಪ್ರೊಟೊಕಾಲ್‌ನಲ್ಲಿ, ಅಂದರೆ ರೂಮಿನ ಸ್ಥಿತಿ ಬರೆದಿಡೋ ಕಾಗದದಲ್ಲಿ, ಒಂದೂ ದೋಷ ಬರೆಯಲಿಲ್ಲ. ಡಿಪಾಸಿಟ್ ಪೂರ್ತಿ ಬಂತು, ಆದರೆ ಆರು ವಾರ ಆಯಿತು. ಜರ್ಮನ್ ಬ್ಯಾಂಕ್ ಖಾತೆಯನ್ನು ಅಲ್ಲಿವರೆಗೂ ಮುಚ್ಚಬೇಡಿ.