ನಡುರಾತ್ರಿ ನಾಯಿ ಕುಸಿದು ಬಿದ್ದರೆ ಎಲ್ಲಿಗೆ ಓಡುವುದು?

ಕೊಡಗಿನಲ್ಲಿ ನಾಯಿ ಇಲ್ಲದ ಮನೆ ಹುಡುಕುವುದು ಕಷ್ಟ. ತೋಟದ ಮನೆಗಂತೂ ನಾಯಿ ಬೇಕೇ ಬೇಕು, ಬೆಕ್ಕು ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಅದು ಬಾಯಲ್ಲಿ ನೊರೆ ಬಂದು ಬಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ? ಇದಕ್ಕೆ ಥಟ್ಟನೆ ಉತ್ತರ ಹೇಳುವವರು ಕಡಿಮೆ.

ಹೀಗೆ ಪ್ರಾಣಿ ಕಳೆದುಕೊಂಡವರನ್ನು ಮಾತಾಡಿಸಿ ನೋಡಿ. ಸತ್ತ ದುಃಖ ಇದ್ದೇ ಇರುತ್ತದೆ, ಆದರೆ ವರ್ಷಗಟ್ಟಲೆ ಕೊರೆಯುವುದು ಬೇರೆ. "ಮೂರು ಕಡೆ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ." "ಅಡ್ವಾನ್ಸ್ ಕಟ್ಟಿಸಿಕೊಂಡು ಒಳಗೆ ತಗೊಂಡು ಹೋದರು, ಆಮೇಲೆ ಏನಾಗುತ್ತಿದೆ ಅಂತ ಯಾರೂ ಹೇಳಲಿಲ್ಲ." "ಬೆಳಿಗ್ಗೆ ನಾವೇ ವಿಚಾರಿಸಿದರೆ, ರಾತ್ರಿಯೇ ಹೋಯ್ತು ಅಂದರು." ಇದರಲ್ಲಿ ಕೆಲವು ನಮ್ಮ ಕೈಯಲ್ಲಿಲ್ಲ. ಆದರೆ ಏನು ಕೇಳಬೇಕು, ಯಾವಾಗ ಕೇಳಬೇಕು ಅಂತ ಮೊದಲೇ ಗೊತ್ತಿದ್ದರೆ ತಪ್ಪಿಸಬಹುದಾದ್ದೂ ಸಾಕಷ್ಟಿದೆ.

ಏನೂ ಆಗದ ದಿನ ಮಾಡುವ ಕೆಲಸ

ಮೊದಲು ಫೋನ್ ನಂಬರ್. ನಿಮ್ಮ ಊರಿನ ದನದ ಆಸ್ಪತ್ರೆಯ ಡಾಕ್ಟರ್, ಹತ್ತಿರದ ಪೇಟೆಯ ಖಾಸಗಿ ಕ್ಲಿನಿಕ್, ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆ, ಈ ಮೂರೂ ಇರಲಿ. ನಂಬರ್ ಬರೆದಿಟ್ಟರೆ ಮುಗಿಯಲಿಲ್ಲ. ಹಗಲು ಹೊತ್ತಿನಲ್ಲಿ ಒಮ್ಮೆ ಫೋನ್ ಮಾಡಿ ಕೇಳಿ: ರಾತ್ರಿ ಬಂದರೆ ನೋಡುತ್ತೀರಾ? ರಾತ್ರಿ ಡಾಕ್ಟರ್ ಅಲ್ಲೇ ಇರುತ್ತಾರಾ, ಅಟೆಂಡರ್ ಮಾತ್ರ ಇರುತ್ತಾರಾ? ಹಾವು ಕಡಿತದ ಔಷಧಿ ಸ್ಟಾಕ್ ಇದೆಯಾ? ಎಕ್ಸ್‌ರೇ, ಆಕ್ಸಿಜನ್ ಇದೆಯಾ? ಬೋರ್ಡಿನಲ್ಲಿ 24 ಗಂಟೆ ಅಂತ ಬರೆದಿರುವ ಜಾಗದಲ್ಲೂ ರಾತ್ರಿ ಒಬ್ಬ ಹುಡುಗ ಮಾತ್ರ ಇರಬಹುದು. ಅದು ತಪ್ಪೋ ಸರಿಯೋ ಆಮೇಲೆ ನೋಡೋಣ, ಮೊದಲು ನಿಮಗೆ ಗೊತ್ತಿರಬೇಕು.

1962 ಸರ್ಕಾರದ ಪಶು ಸಹಾಯವಾಣಿ. ಇದನ್ನೂ ಬರೆದಿಡಿ. ಆದರೆ ಅದರ ಗಾಡಿ ಮುಖ್ಯವಾಗಿ ದನಕರು ಸಾಕುವವರ ಮನೆ ಬಾಗಿಲಿಗೆ ಹೋಗಲೆಂದು ಇರುವುದು. ನಡುರಾತ್ರಿ ಅದೊಂದನ್ನೇ ನಂಬಿ ಕೂರಬೇಡಿ.

ಈ ನಂಬರ್‌ಗಳನ್ನೆಲ್ಲ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಬರುವುದು ಯಾವಾಗಲೋ, ಅದರ ಹಿಂದೆಯೇ ಟವರ್ ಕೂಡ ಹೋಗುತ್ತದೆ, ಮೊಬೈಲ್ ಚಾರ್ಜ್ ಸತ್ತರೆ ಅದರೊಳಗಿನ ನಂಬರ್ ಇದ್ದೂ ಇಲ್ಲದ ಹಾಗೆ. ತೋಟದಲ್ಲಿ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಅಂತ ನಿಮಗೆ ಗೊತ್ತೇ ಇರುತ್ತದೆ. ಮನೆಯಲ್ಲಿ ಉಳಿದವರಿಗೂ ಹೇಳಿಡಿ.

ಇನ್ನು ದಾರಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಅದಕ್ಕಿಂತ ಸ್ವಲ್ಪ ಜಾಸ್ತಿ, ಜೊತೆಗೆ ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿದ್ದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಕೊಡ್ಲಿಪೇಟೆ, ಶನಿವಾರಸಂತೆ ಕಡೆಯವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜು ಹತ್ತಿರ. ಕುಟ್ಟ, ಶ್ರೀಮಂಗಲದವರು ವಯನಾಡಿನ ಪೂಕೋಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. ಎರಡೂ ಕಡೆ ರಾತ್ರಿ ಏನು ವ್ಯವಸ್ಥೆ ಇದೆ ಅಂತ ಮೊದಲೇ ಕೇಳಿಕೊಳ್ಳಿ. ಸ್ವಂತ ಗಾಡಿ ಇಲ್ಲದಿದ್ದರೆ, ನಾಯಿ ಹತ್ತಿಸಿಕೊಳ್ಳುವ ಜೀಪಿನವರು ಯಾರು ಅಂತಲೂ ಈಗಲೇ ಗೊತ್ತು ಮಾಡಿಕೊಳ್ಳಿ. ಎಲ್ಲರೂ ಹತ್ತಿಸಿಕೊಳ್ಳುವುದಿಲ್ಲ.

ಲಸಿಕೆ ಕಾರ್ಡ್ ಒಂದು ಕವರಿನಲ್ಲಿ ಇರಲಿ, ನಾಯಿಯ ತೂಕ ಅದರ ಮೇಲೆ ಬರೆದಿರಲಿ.

ಯಾವುದಕ್ಕೆ ಬೆಳಗಿನ ತನಕ ಕಾಯಬಾರದು

ಒಂದು ಹೊತ್ತು ಊಟ ಬಿಟ್ಟರೆ, ಒಂದೆರಡು ಸಲ ವಾಂತಿ ಮಾಡಿ ಆಮೇಲೆ ಓಡಾಡಿಕೊಂಡಿದ್ದರೆ, ಸ್ವಲ್ಪ ಕುಂಟಿದರೆ ಸಾಮಾನ್ಯವಾಗಿ ಬೆಳಗಿನ ತನಕ ಕಾಯಬಹುದು. ಪುಟ್ಟ ಮರಿಗೆ ಈ ಮಾತು ಅನ್ವಯಿಸುವುದಿಲ್ಲ.

ಅನುಮಾನ ಬಂದರೆ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಬೆಳ್ಳಗೆ, ನೀಲಿ ಅಥವಾ ಹಳದಿಯಾಗಿದ್ದರೆ ಹೊರಡಿ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಅಂಥದ್ದಕ್ಕೆ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಭಾಗ ನೋಡಿ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಜ್ವರ ಅಂತ ಸುಮ್ನೆ ಗಾಬರಿಯಾಗಬೇಡಿ.

ಜರ್ಮನ್ ಶೆಫರ್ಡ್, ಗ್ರೇಟ್ ಡೇನ್, ಡಾಬರ್‌ಮನ್ ಥರದ ಆಳ ಎದೆಯ ನಾಯಿ ವಾಂತಿ ಮಾಡಲು ಒದ್ದಾಡುತ್ತಿದೆ, ಏನೂ ಬರುತ್ತಿಲ್ಲ, ಹೊಟ್ಟೆ ಉಬ್ಬಿದೆ ಅಂದರೆ ಹೊಟ್ಟೆಯೊಳಗೆ ಜಠರ ತಿರುಚಿಕೊಂಡಿರಬಹುದು. ಇದಕ್ಕೆ ಆಪರೇಷನ್ ಬೇಕು, ಸಮಯ ಇರುವುದು ಕೆಲವೇ ಗಂಟೆ. ಗಂಡು ಬೆಕ್ಕು ಮತ್ತೆ ಮತ್ತೆ ಉಚ್ಚೆಗೆ ಕೂತು ಹನಿಯೂ ಬಾರದೆ ಕೂಗುತ್ತಿದ್ದರೆ ಅದೂ ಅಷ್ಟೇ ತುರ್ತು. ಮಲಬದ್ಧತೆ ಇರಬೇಕು ಅಂತ ಎರಡು ದಿನ ಬಿಟ್ಟರೆ ಬೆಕ್ಕು ಉಳಿಯದೆ ಹೋಗಬಹುದು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೂ ಕಾಯಬೇಡಿ. ಮರಿನಾಯಿಗೆ ವಾಂತಿ, ನಾರುವ ರಕ್ತಭೇದಿ ಅಂದರೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಇರಬಹುದು.

ಉಣ್ಣಿ ಜ್ವರದ ಬಗ್ಗೆ ಒಂದು ಮಾತು, ಏಕೆಂದರೆ ತೋಟದ ನಾಯಿಗಳಲ್ಲಿ ಉಣ್ಣಿ ತಪ್ಪಿದ್ದಲ್ಲ. ಇದು ನಿಧಾನಕ್ಕೆ ಬರುತ್ತದೆ. ಊಟ ಕಡಿಮೆ, ಸುಸ್ತು, ಬಿಳಿಚಿದ ಒಸಡು, ಕೆಲವೊಮ್ಮೆ ಕಾಫಿ ಬಣ್ಣದ ಉಚ್ಚೆ. ಇಷ್ಟು ದಿನ ಬಿಟ್ಟು ಕೊನೆಗೆ ರಾತ್ರಿ ಕರೆದುಕೊಂಡು ಹೋದರೆ ರಕ್ತ ಕೊಡಬೇಕು ಅನ್ನುತ್ತಾರೆ. ಆ ರಕ್ತ ಇನ್ನೊಂದು ನಾಯಿಯಿಂದಲೇ ಬರಬೇಕು. 25 ಕೆ.ಜಿ.ಗಿಂತ ಜಾಸ್ತಿ ತೂಗುವ, ಲಸಿಕೆ ಆಗಿರುವ, ಆರೋಗ್ಯವಂತ ನಾಯಿ ನೆಂಟರ ಮನೆಯಲ್ಲೋ ಪಕ್ಕದ ತೋಟದಲ್ಲೋ ಇದೆಯಾ ನೋಡಿ, ಅವರನ್ನು ಈಗಲೇ ಒಂದು ಮಾತು ಕೇಳಿಡಿ.

ಹಾವು, ವಿಷ

ಹಾವು ಕಡಿದರೆ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡೇ ಹೋಗಿ. ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ ನಾಲ್ಕು ಹಾವಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮನುಷ್ಯರಿಗೆ ಕೊಡುವುದನ್ನೇ ನಾಯಿಗೂ ಕೊಡುತ್ತಾರೆ. ಆದರೆ ಕಾಫಿ ಗಿಡದ ಮೇಲೆ ಸುತ್ತಿಕೊಂಡು ಕೂರುವ ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಅದಕ್ಕೆ ನೋವಿನ ಔಷಧಿ, ಡ್ರಿಪ್, ನಿಗಾ, ಅಷ್ಟೇ. ಹಾವಿನ ಫೋಟೋ ದೂರದಿಂದ ಸಿಕ್ಕಿದರೆ ತೆಗೆಯಿರಿ, ಹುಡುಕಿಕೊಂಡು ಹೋಗಿ ನೀವು ಕಚ್ಚಿಸಿಕೊಳ್ಳಬೇಡಿ. ಕಟ್ಟುಹಾವು ಕಡಿದ ಜಾಗ ಊದುವುದೇ ಇಲ್ಲ ಅನ್ನಬಹುದು. ಊತ ಇಲ್ಲ ಅಂತ ಸಮಾಧಾನ ಪಡಬೇಡಿ.

ವಿಷದ ವಿಷಯದಲ್ಲಿ ತೋಟದವರೇ ಜಾಸ್ತಿ ಎಚ್ಚರ ಇರಬೇಕು, ವಿಷ ಇರುವುದು ನಮ್ಮ ಗೋಡೌನಿನಲ್ಲೇ ತಾನೆ? ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳುವಿನ ಕಾಟ ಬಂದಾಗ ತೌಡು, ಬೆಲ್ಲಕ್ಕೆ ವಿಷ ಬೆರೆಸಿ ಇಡುವುದು ಗೊತ್ತಲ್ವಾ, ಬೆಲ್ಲದ ವಾಸನೆಗೆ ನಾಯಿಯೂ ಬರುತ್ತದೆ. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ತಿಂದ ನಾಯಿಗೆ ನಡುಕ, ಫಿಟ್ಸ್, ಮೈ ಸುಡುವ ಬಿಸಿ. ಕ್ಲೋರ್‌ಪೈರಿಫಾಸ್ ಥರದ ಸಿಂಪಡಣೆ ಔಷಧಿ ಆದರೆ ಜೊಲ್ಲು, ಕಣ್ಣೀರು, ಭೇದಿ, ಸೂಜಿಮೊನೆಯಷ್ಟು ಸಣ್ಣಗಾದ ಕಣ್ಣಿನ ಪಾಪೆ. ಇಲಿ ಪಾಷಾಣಗಳಲ್ಲಿ ಎರಡು ಥರ ನೆನಪಿಡಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಥರದ್ದು ತಿಂದ ದಿನ ನಾಯಿ ಚೆನ್ನಾಗೇ ಇರುತ್ತದೆ, ಮೂರು ನಾಲ್ಕು ದಿನ ಬಿಟ್ಟು ಒಳಗೇ ರಕ್ತ ಸೋರಲು ಶುರು. ಮೊದಲೇ ಹೋದರೆ ವಿಟಮಿನ್ ಕೆ1ನಿಂದ ಉಳಿಸಬಹುದು. ಇನ್ನೊಂದು ಜಿಂಕ್ ಫಾಸ್ಫೈಡ್, ಕಪ್ಪು ಪುಡಿ. ಅದು ಹೊಟ್ಟೆಯಲ್ಲಿ ವಿಷದ ಗಾಳಿ ಬಿಡುತ್ತದೆ. ನಾಯಿ ಗಾಡಿಯಲ್ಲಿ ವಾಂತಿ ಮಾಡಿದರೆ ಆ ಗಾಳಿ ನಿಮಗೂ ಅಪಾಯ, ಚಳಿಯಿದ್ದರೂ ಗ್ಲಾಸ್ ಇಳಿಸಿಕೊಂಡೇ ಹೋಗಿ.

ಯಾವ ವಿಷವಾದರೂ ಡಬ್ಬಿಯನ್ನೋ ಪ್ಯಾಕೆಟ್ಟನ್ನೋ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಬಿಟ್ಟುಬಿಡಿ, ಉಪ್ಪೇ ಇನ್ನೊಂದು ವಿಷ ಆಗುತ್ತದೆ. ಮನೆಯ ಮಾತ್ರೆಯೂ ಬೇಡ. ಒಂದೇ ಒಂದು ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲಬಹುದು.

ಹೊರಡುವಾಗ

ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ. ಇಷ್ಟು ಸಾಕು: "ಲ್ಯಾಬ್ರಡಾರ್, ಐದು ವರ್ಷ, 30 ಕೆ.ಜಿ., ಒಂದು ಗಂಟೆಯಿಂದ ಫಿಟ್ಸ್ ಬರುತ್ತಿದೆ, ಬಸವನಹುಳು ಔಷಧಿ ತಿಂದಿರಬಹುದು, ಗೋಣಿಕೊಪ್ಪದಿಂದ ಹೊರಟಿದ್ದೇವೆ." ಡಾಕ್ಟರ್ ಇಲ್ಲದಿದ್ದರೆ ಆಗಲೇ ಗೊತ್ತಾಗುತ್ತದೆ, ಅಲ್ಲಿಗೆ ಹೋಗಿ ಬೀಗ ನೋಡಿ ವಾಪಸ್ ಬರುವುದು ತಪ್ಪುತ್ತದೆ.

ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಬಾಯಿಗೆ ಬಟ್ಟೆ ಸುತ್ತಿ ಕಟ್ಟಿ, ಆದರೆ ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಿಗೆ ಕಷ್ಟಪಡುತ್ತಿದ್ದರೆ ಕಟ್ಟಬೇಡಿ. ಪೆಟ್ಟಾಗಿದ್ದರೆ ಕಂಬಳಿಯನ್ನೋ ಹಲಗೆಯನ್ನೋ ಸ್ಟ್ರೆಚರ್ ಮಾಡಿಕೊಳ್ಳಿ. ಬೆಕ್ಕಿಗೆ ಗಾಳಿಯಾಡುವ ಪೆಟ್ಟಿಗೆ. ಇಬ್ಬರು ಹೋಗಿ, ಒಬ್ಬರು ಗಾಡಿ ಓಡಿಸಲು, ಒಬ್ಬರು ಹಿಡಿದುಕೊಳ್ಳಲು.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು

ಜನಕ್ಕೆ ಜಾಸ್ತಿ ನೋವಾಗುವುದು ಇಲ್ಲೇ. ಗಾಬರಿಯಲ್ಲಿ ಇರುತ್ತೀರಿ, ಅವರು ಕೊಟ್ಟ ಕಾಗದಕ್ಕೆ ಸೈನ್ ಹಾಕುತ್ತೀರಿ, ನಾಯಿ ಬಾಗಿಲ ಹಿಂದೆ ಹೋಗುತ್ತದೆ. ಒಂದು ನಿಮಿಷ ತಡೆಯಿರಿ. ಜೀವ ಹೋಗುವ ಹಾಗಿದ್ದರೆ ಮೊದಲು ಇಂಜೆಕ್ಷನ್, ಡ್ರಿಪ್ ಶುರು ಮಾಡಲಿ, ಆದರೆ ಅದಾದ ಮೇಲೆ ಈ ಮಾತುಗಳನ್ನು ಕೇಳಲೇಬೇಕು.

ಕಾಯಿಲೆ ಏನು ಅನ್ನಿಸುತ್ತಿದೆ, ಖಚಿತವಾ, ಅಂದಾಜಾ? ಉಳಿಯುವ ಸಾಧ್ಯತೆ ಹೇಗಿದೆ? ಇವತ್ತು ರಾತ್ರಿಗೆ ಎಷ್ಟು ಖರ್ಚು, ಪೂರ್ತಿ ಎಷ್ಟಾಗಬಹುದು? ಅಂದಾಜು ಲೆಕ್ಕ ಬರೆದು ಕೊಡಿ ಅನ್ನಿ, ಯಾವ ಮೊತ್ತ ದಾಟುವ ಮೊದಲು ನಿಮಗೆ ಫೋನ್ ಮಾಡಬೇಕು ಅಂತಲೂ ಹೇಳಿ. ದುಡ್ಡಿನ ಮಾತು ಎತ್ತಿದರೆ ಪ್ರೀತಿ ಇಲ್ಲ ಅಂದುಕೊಂಡಾರು ಅಂತ ಕೆಲವರು ಸುಮ್ಮನಿರುತ್ತಾರೆ, ಆಮೇಲೆ ಬಿಲ್ ನೋಡಿ ಜಗಳ. ಕೈಯಲ್ಲಿ ಇಷ್ಟೇ ಇದೆ ಅಂತ ನೇರವಾಗಿ ಹೇಳಿದರೆ ಒಳ್ಳೆಯ ಡಾಕ್ಟರ್ ಅದರಲ್ಲೇ ಮುಖ್ಯವಾದದ್ದು ಯಾವುದು ಅಂತ ಆರಿಸುತ್ತಾರೆ. ಹತ್ತು ಟೆಸ್ಟ್ ಹೇಳಿದರೆ "ಸರ್, ಇದರಲ್ಲಿ ಯಾವುದರಿಂದ ಔಷಧಿ ಬದಲಾಗುತ್ತದೆ?" ಅಂತ ಕೇಳಿ. ನನಗೆ ಗೊತ್ತಿರುವ ಮಟ್ಟಿಗೆ ಇದು ಎಲ್ಲಕ್ಕಿಂತ ಉಪಯೋಗದ ಪ್ರಶ್ನೆ.

ರಾತ್ರಿ ಬಿಟ್ಟು ಬರಬೇಕಾದರೆ: ಯಾರು ನೋಡಿಕೊಳ್ಳುತ್ತಾರೆ, ಎಷ್ಟು ಗಂಟೆಗೆ ಸುದ್ದಿ ಹೇಳುತ್ತಾರೆ, ಯಾವ ನಂಬರಿನಿಂದ? ಹೃದಯ ನಿಂತರೆ ಒತ್ತಿ ಎಬ್ಬಿಸಲು ನೋಡಬೇಕಾ ಬೇಡವಾ ಅನ್ನುವುದನ್ನೂ ಆಗಲೇ ಹೇಳಿಬಿಡಿ. ಹೋದರೆ ಎಷ್ಟೇ ಹೊತ್ತಾಗಿರಲಿ ಫೋನ್ ಮಾಡಿ, ನಾವು ಬರುವವರೆಗೆ ಹಾಗೇ ಇಡಿ ಅಂತಲೂ ಹೇಳಿ. ಈ ಮಾತು ಆಡಲು ಬಾಯಿ ಬರುವುದಿಲ್ಲ, ನಿಜ. ಆದರೆ ಹೇಳದೆ ಬಂದವರಿಗೆ ಬೆಳಿಗ್ಗೆ ಗೋಣಿಚೀಲದಲ್ಲಿ ಕೊಟ್ಟದ್ದೂ ಉಂಟು.

ಎದುರಿಗಿರುವ ಡಾಕ್ಟರ್ ಬೆಳಿಗ್ಗೆಯಿಂದ ಹಸುವಿನ ಹೆರಿಗೆ, ಹಂದಿ ಫಾರಂ ಅಂತ ಸುತ್ತಿ ಬಂದಿರಬಹುದು ಅನ್ನುವುದೂ ತಲೆಯಲ್ಲಿರಲಿ. ಕೂಗಾಡಿದರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ, ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ.

ಇನ್ನು ಆಗಲ್ಲ ಅಂದರೆ

ನೋವಿಲ್ಲದೆ ಶಾಶ್ವತವಾಗಿ ನಿದ್ದೆ ಮಾಡಿಸುವ ಇಂಜೆಕ್ಷನ್ ಬಗ್ಗೆ ಮಾತು ಬಂದಾಗ ಒಂದೇ ಕೇಳಿ: ಮೊದಲು ಪ್ರಜ್ಞೆ ತಪ್ಪಿಸುವ ಔಷಧಿ ಕೊಡುತ್ತೀರಾ? ಕೊಡಬೇಕು. ಜೊತೆಗೆ ಇರಬೇಕು ಅನ್ನಿಸಿದರೆ ಇರಿ, ಆಗದಿದ್ದರೆ ಹೊರಗೆ ನಿಲ್ಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಕೊನೆಯಲ್ಲಿ ಒಂದೆರಡು ಸಲ ಉಸಿರೆಳೆದ ಹಾಗೆ ಆಗಬಹುದು. ಅದು ನೋವಲ್ಲ. ಮೊದಲೇ ಗೊತ್ತಿಲ್ಲದೆ ಎಷ್ಟೋ ಜನ ಹೆದರುತ್ತಾರೆ.

ತೋಟದಲ್ಲಿ ಹೂಳುವುದಾದರೆ ಆಳಕ್ಕೆ ತೋಡಿ, ಬಾವಿ, ತೊರೆಯಿಂದ ದೂರ. ಮೇಲಷ್ಟಕ್ಕೆ ಹೂತರೆ ಹಂದಿ ಕೆದರುತ್ತದೆ.

ಅನ್ಯಾಯ ಆಗಿದೆ ಅನ್ನಿಸಿದರೆ

ಸತ್ತ ಪ್ರಾಣಿಯೆಲ್ಲ ಡಾಕ್ಟರ್ ತಪ್ಪಿನಿಂದ ಸಾಯುವುದಿಲ್ಲ. ಆದರೂ ಬಲವಾದ ಅನುಮಾನ ಇದ್ದರೆ ಹೂಳುವ ಮೊದಲು ಯೋಚಿಸಿ. ಮರಣೋತ್ತರ ಪರೀಕ್ಷೆ ಬೇಕು, ಅದನ್ನು ಬೇರೆ ಡಾಕ್ಟರ್ ಮಾಡಬೇಕು, ಆದಷ್ಟು 24 ಗಂಟೆಯೊಳಗೆ. ದೇಹ ತಣ್ಣಗಿಡಿ, ಮಂಜುಗಡ್ಡೆ ಆಗುವ ಹಾಗೆ ಫ್ರೀಜ್ ಮಾಡಬೇಡಿ. ಕೇಸ್ ಶೀಟ್, ಬಿಲ್, ಟೆಸ್ಟ್ ರಿಪೋರ್ಟ್ ಪ್ರತಿ ಕೇಳಿ ತಗೊಳ್ಳಿ, ವಾಟ್ಸ್ಆ್ಯಪ್ ಮೆಸೇಜ್ ಅಳಿಸಬೇಡಿ.

ಡಾಕ್ಟರ್ ನಡವಳಿಕೆಯ ಬಗ್ಗೆಯಾದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಬರೆಯಿರಿ. ಸರ್ಕಾರಿ ಆಸ್ಪತ್ರೆಯಾದರೆ ಮಡಿಕೇರಿಯಲ್ಲಿರುವ ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅದಕ್ಕೆ ಎರಡು ವರ್ಷದ ಗಡುವು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರಿಲ್ಲದೆ ನೀವೇ ವಾದಿಸಲೂಬಹುದು. ದೂರಿನಲ್ಲಿ ಬೈಗುಳ ಬೇಡ. ಎಷ್ಟು ಗಂಟೆಗೆ ತಲುಪಿದಿರಿ, ಯಾರು ನೋಡಿದರು, ಏನು ಹೇಳಿದರು, ಎಷ್ಟು ಕಟ್ಟಿದಿರಿ, ಇಷ್ಟನ್ನು ಹೊತ್ತು ಹೊತ್ತಿನ ಪ್ರಕಾರ ಬರೆಯಿರಿ, ಅದೂ ಆದಷ್ಟು ಆ ವಾರದಲ್ಲೇ.