ಹೊಸ ನಾಯಿಮರಿಗೆ ಊಟದ ಟೈಮ್ ಸೆಟ್ ಮಾಡೋದು ಹೇಗೆ (ಮನೇಲಿ ನಾಲ್ಕು ಜನ ನಾಲ್ಕು ಥರ ಹಾಕ್ತಿದ್ರೆ ಮೊದ್ಲು ಇದನ್ನ ಓದಿ)

ದಿನಕ್ಕೆ ಎಷ್ಟು ಸಲ ಊಟ ಕೊಡ್ತೀರಿ ಅಂತ ಡಾಕ್ಟ್ರು ಕೇಳಿದ್ರು. ನಾನು ನಾಲ್ಕು ಅಂದೆ, ನಮ್ಮ ಯಜಮಾನ್ರು ಮೂರು ಅಂದ್ರು, ಜೊತೇಲಿ ಬಂದಿದ್ದ ಮಗ "ಅಜ್ಜಿ ಕೊಡೋದು ಸೇರಿಸಿ ಹೇಳ್ಬೇಕಾ" ಅಂದ.

ಅಲ್ಲೇ ಕೂತು ಲೆಕ್ಕ ಹಾಕಿದ್ವಿ. ಬೆಳಿಗ್ಗೆ ಯಜಮಾನ್ರ ಕಾಫಿ ಜೊತೆ ಎರಡು ಬಿಸ್ಕೆಟ್, ಆಮೇಲೆ ನಾನು ಹಾಕೋ ಪಪ್ಪಿ ಫುಡ್, ಹತ್ತು ಗಂಟೆಗೆ ಅತ್ತೆ ಕೊಡೋ ಇಡ್ಲಿ ಚೂರು, ಮಧ್ಯಾಹ್ನ "ಪಾಪ ಹಸಿದಿರುತ್ತೆ" ಅಂತ ಹಾಲು ಅನ್ನ, ಸಂಜೆ ಮಗ ತಿನ್ನೋ ಚಿಪ್ಸಲ್ಲಿ ಪಾಲು, ಹೀಗೆ ಒಟ್ಟು ಹನ್ನೊಂದು ಸಲ ಆಯ್ತು. ಮರಿ ವಯಸ್ಸು ಎರಡು ತಿಂಗಳು, ತೂಕ ಮೂರು ಕೆಜಿ. ನಾಲ್ಕು ದಿನದಿಂದ ನೀರಿನಂಥ ಭೇದಿ ಅಂತ ಕರ್ಕೊಂಡು ಹೋಗಿದ್ವಿ, ಅದು ಯಾಕೆ ಅಂತ ಡಾಕ್ಟ್ರು ಬೇರೆ ಹೇಳೋ ಅಗತ್ಯನೇ ಇರ್ಲಿಲ್ಲ. ಜಂತುಹುಳದ ಔಷಧಿ ಹಾಕಿ, ಮೊದ್ಲು ಮನೆಯವರೆಲ್ಲ ಒಂದು ಟೈಮಿಗೆ ಬನ್ನಿ ಅಂತ ಕಳಿಸಿದ್ರು.

ನಮ್ಮದು ಬೀದಿ ಮರಿ, ಹೆಸರು ಗುಂಡ. ಆದ್ರೆ ಕೆಳಗೆ ಹೇಳಿರೋದು ಲ್ಯಾಬ್ರಡಾರ್ ತಂದ್ರೂ ಮುಧೋಳ ತಂದ್ರೂ ಹೆಚ್ಚುಕಮ್ಮಿ ಇದೇ, ವ್ಯತ್ಯಾಸ ಇರೋ ಕಡೆ ಹೇಳ್ತೀನಿ.

ಮೊದ್ಲು ವಯಸ್ಸು ತಿಳ್ಕೊಳ್ಳಿ, ಯಾಕಂದ್ರೆ ದಿನಕ್ಕೆ ಎಷ್ಟು ಸಲ ಅನ್ನೋದು ಅದರ ಮೇಲೇ ನಿಂತಿದೆ. ಬೀದಿ ಮರಿ ಆದ್ರೆ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲ್ಲ, ಬಾಯಿ ತೆಗೆಸಿ ನೋಡಿ: ಹಾಲುಹಲ್ಲು ಸುಮಾರು ಮೂರು ವಾರಕ್ಕೆ ಹುಟ್ಟೋಕೆ ಶುರುವಾಗಿ, ಆರರಿಂದ ಎಂಟು ವಾರದೊಳಗೆ 28 ಹಲ್ಲೂ ಬಂದಿರುತ್ತೆ. ಹಲ್ಲೇ ಇಲ್ಲ, ಕಣ್ಣು ಈಗಷ್ಟೇ ಬಿಟ್ಟಿದೆ ಅನ್ನೋ ಥರ ಮರಿ ಆದ್ರೆ ಈ ಬರಹ ನಿಮಗಲ್ಲ, ಅದಕ್ಕೆ ಇನ್ನೂ ತಾಯಿ ಹಾಲು ಬೇಕು, ಅದಿಲ್ಲ ಅಂದ್ರೆ ನಾಯಿಮರಿಗೆ ಅಂತಲೇ ಬರೋ ಹಾಲಿನ ಪೌಡರ್ ಬೇಕು, ಇವತ್ತೇ ಡಾಕ್ಟ್ರ ಹತ್ರ ಹೋಗಿ. ಎಂಟು ವಾರದಿಂದ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಮೂರರಿಂದ ಆರು ತಿಂಗಳವರೆಗೆ ಮೂರು ಸಲ, ಆರು ತಿಂಗಳಾದ್ಮೇಲೆ ಎರಡು ಸಲ. ಮರಿ ಹೊಟ್ಟೆ ಚಿಕ್ಕದು, ಬೆಳವಣಿಗೆ ಜಾಸ್ತಿ, ಅದಕ್ಕೇ ಸ್ವಲ್ಪ ಸ್ವಲ್ಪ ಪದೇ ಪದೇ ಕೊಡೋದು. ಪಮೇರಿಯನ್ ಥರ ಪುಟ್ಟ ಜಾತಿ ಮರಿಗಳಿಗಂತೂ ತುಂಬಾ ಹೊತ್ತು ಖಾಲಿ ಹೊಟ್ಟೇಲಿದ್ರೆ ರಕ್ತದಲ್ಲಿ ಸಕ್ಕರೆ ಇಳಿದು ನಡುಗಿ ಬಿದ್ದೇ ಹೋಗ್ತವೆ, ಅವುಗಳಿಗೆ ಟೈಮ್ ತಪ್ಪಿಸಲೇಬೇಡಿ.

ನಮ್ಮನೆ ಟೈಮ್ ಹೇಳ್ತೀನಿ, ನಿಮ್ಮನೆಗೆ ತಕ್ಕಂಗೆ ಹಿಂದೆ ಮುಂದೆ ಮಾಡ್ಕೊಳ್ಳಿ. ಬೆಳಿಗ್ಗೆ ಆರೂವರೆ, ಹನ್ನೊಂದು, ಮಧ್ಯಾಹ್ನ ಮೂರೂವರೆ, ರಾತ್ರಿ ಎಂಟು. ಕೊನೇ ಊಟ ಎಂಟಕ್ಕೇ ಯಾಕೆ ಅಂದ್ರೆ ಮಲಗೋಕೆ ಮುಂಚೆ ಹತ್ತು ಗಂಟೆಗೆ ಒಂದು ಸಲ ಹೊರಗೆ ಕರ್ಕೊಂಡು ಹೋಗಿ ಖಾಲಿ ಮಾಡಿಸಬಹುದು, ಒಂಬತ್ತೂವರೆಗೆ ಊಟ ಹಾಕಿದ್ರೆ ನಡುರಾತ್ರಿ ಹಾಲ್ ಒರೆಸೋರು ನೀವೇ. ಇಬ್ರೂ ಕೆಲಸಕ್ಕೆ ಹೋಗ್ತೀರಿ, ಹಗಲು ಮನೇಲಿ ಯಾರೂ ಇಲ್ಲ ಅಂದ್ರೆ ಎರಡು ತಿಂಗಳ ಮರಿ ಈಗ ತರಬೇಡಿ ಅಂತ ನಾನು ನೇರವಾಗೇ ಹೇಳ್ತೀನಿ, ಬೇಜಾರಾದ್ರೂ ಪರವಾಗಿಲ್ಲ. ಪಕ್ಕದ ಮನೆಯವ್ರು ಯಾರಾದ್ರೂ ಹನ್ನೊಂದಕ್ಕೂ ಮೂರೂವರೆಗೂ ಬಂದು ಹಾಕ್ತಾರೆ ಅನ್ನೋದಾದ್ರೆ ಮಾತು ಬೇರೆ.

ಈಗ ಎಷ್ಟು ಹಾಕ್ಬೇಕು ಅನ್ನೋದು. ಪ್ಯಾಕೆಟ್ ಹಿಂದೆ ಟೇಬಲ್ ಇರುತ್ತೆ, ಆದ್ರೆ ಸರಿಯಾಗಿ ನೋಡಿ, ಕೆಲವದ್ರಲ್ಲಿ ಮರಿಯ ಈಗಿನ ತೂಕಕ್ಕೆ ಕೊಟ್ಟಿರ್ತಾರೆ, ಕೆಲವದ್ರಲ್ಲಿ ದೊಡ್ಡದಾದ್ಮೇಲೆ ಎಷ್ಟು ತೂಕ ಬರುತ್ತೆ ಅನ್ನೋದರ ಮೇಲೆ ಕೊಟ್ಟಿರ್ತಾರೆ, ನಾನು ಮೊದಲ ವಾರ ಅದನ್ನೇ ಉಲ್ಟಾ ಓದ್ಕೊಂಡಿದ್ದೆ. ಟೇಬಲ್ ಅರ್ಥ ಆಗ್ಲಿಲ್ಲ ಅಂದ್ರೆ ಡಾಕ್ಟ್ರುಗಳು ಹಾಕೋ ಲೆಕ್ಕ ಒಂದಿದೆ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಮರಿಯ ತೂಕವನ್ನ ಅದರಿಂದಲೇ ಎರಡು ಸಲ ಗುಣಿಸಿ (3 ಕೆಜಿ ಆದ್ರೆ 3×3×3, ಅಂದ್ರೆ 27), ಆಮೇಲೆ ವರ್ಗಮೂಲದ ಬಟನ್ ಎರಡು ಸಲ ಒತ್ತಿ, 2.28 ಬರುತ್ತೆ. ಅದನ್ನ 70ರಿಂದ ಗುಣಿಸಿದ್ರೆ ಸುಮಾರು 160. ನಾಲ್ಕು ತಿಂಗಳೊಳಗಿನ ಮರಿಗೆ ಅದರ ಮೂರರಷ್ಟು, ಅಂದ್ರೆ ದಿನಕ್ಕೆ 480 ಕ್ಯಾಲೊರಿ, ನಾಲ್ಕು ತಿಂಗಳು ದಾಟಿದ ಮೇಲೆ ಎರಡರಷ್ಟು. ಒಣ ಪಪ್ಪಿ ಫುಡ್ ಸಾಮಾನ್ಯವಾಗಿ 100 ಗ್ರಾಮಿಗೆ 350ರಿಂದ 400 ಕ್ಯಾಲೊರಿ ಇರುತ್ತೆ, ಹಂಗಾಗಿ ಮೂರು ಕೆಜಿ ಗುಂಡನಿಗೆ ದಿನಕ್ಕೆ ಸುಮಾರು 120ರಿಂದ 135 ಗ್ರಾಂ, ನಾಲ್ಕು ಭಾಗ ಮಾಡಿದ್ರೆ ಒಂದು ಹೊತ್ತಿಗೆ ಮೂವತ್ತು ಚಿಲ್ಲರೆ ಗ್ರಾಂ. ಒಂದು ಹಿಡಿ ಅಷ್ಟೇ ರೀ! ನಾವು ಒಂದು ದೊಡ್ಡ ಲೋಟ ತುಂಬ ಹಾಕ್ತಿದ್ವಿ.

ಮರಿ ತೂಕ ನೋಡೋಕೆ ಅದನ್ನ ಎತ್ಕೊಂಡು ತಕ್ಕಡಿ ಮೇಲೆ ನಿಂತ್ಕೊಳ್ಳಿ, ಆಮೇಲೆ ನೀವೊಬ್ರೇ ನಿಂತು ಅದನ್ನ ಕಳೀರಿ. ವಾರಕ್ಕೊಂದ್ಸಲ ನೋಡಿ ಲೆಕ್ಕ ಬದಲಾಯಿಸಿ, ಈ ವಯಸ್ಸಲ್ಲಿ ಬೇಗ ಬೇಗ ಬೆಳೀತವೆ. ಲೆಕ್ಕಕ್ಕಿಂತ ಕೈ ಇನ್ನೂ ಚೆನ್ನಾಗಿ ಹೇಳುತ್ತೆ: ಪಕ್ಕೆ ಸವರಿದ್ರೆ ಮೂಳೆ ಕೈಗೆ ಸಿಗ್ಬೇಕು ಆದ್ರೆ ಕಣ್ಣಿಗೆ ಎದ್ದು ಕಾಣಬಾರದು, ಮೇಲಿಂದ ನೋಡಿದ್ರೆ ಸೊಂಟ ಸ್ವಲ್ಪ ಒಳಗೆ ಹೋಗಿರ್ಬೇಕು. ಮೈಯೆಲ್ಲ ತೆಳ್ಳಗಿದ್ದು ಹೊಟ್ಟೆ ಮಾತ್ರ ಮಡಕೆ ಥರ ಉಬ್ಬಿದ್ರೆ ಚೆನ್ನಾಗಿ ತಿಂದಿದೆ ಅಂತ ಖುಷಿಪಡಬೇಡಿ, ಹೆಚ್ಚಿನಂಶ ಜಂತುಹುಳ. ಕಕ್ಕದಲ್ಲಿ ಶಾವಿಗೆ ಎಳೆ ಥರ ಕಂಡ್ರೆ ಅನುಮಾನವೇ ಬೇಡ. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಹುಳದ ಔಷಧಿ ಆಗ್ಬೇಕು, ಡೋಸ್ ತೂಕದ ಮೇಲೆ ಹೋಗೋದ್ರಿಂದ ಡಾಕ್ಟ್ರನ್ನ ಕೇಳೇ ಹಾಕಿ. ಹುಳ ಇಟ್ಕೊಂಡು ಎಷ್ಟು ಊಟ ಹಾಕಿದ್ರೂ ಅದು ಹುಳಕ್ಕೇ.

ಈಗ ನಮ್ಮನೇಲಿ ನಿಜವಾಗ್ಲೂ ಕೆಲಸ ಮಾಡಿದ ಉಪಾಯ, ಡಬ್ಬಿ. ಬೆಳಿಗ್ಗೆ ಎದ್ದ ತಕ್ಷಣ ಇಡೀ ದಿನದ್ದು ತೂಗಿ ಒಂದು ಸ್ಟೀಲ್ ಡಬ್ಬಿಗೆ ಹಾಕಿಬಿಡ್ತೀನಿ. ಯಾರು ಏನೇ ಕೊಡೋದಿದ್ರೂ ಆ ಡಬ್ಬಿಯಿಂದಲೇ ಕೊಡ್ಬೇಕು, ಮಗ ಶೇಕ್‌ಹ್ಯಾಂಡ್ ಕಲಿಸೋಕೆ ಕೊಡೋ ನಾಲ್ಕು ಕಾಳೂ ಅದರಿಂದಲೇ, ಅತ್ತೆಗೆ ಪ್ರೀತಿ ಉಕ್ಕಿದ್ರೂ ಅದರಿಂದಲೇ, ಡಬ್ಬಿ ಖಾಲಿ ಆದ್ರೆ ಅವತ್ತಿಗೆ ಅಂಗಡಿ ಬಂದ್. ಫ್ರಿಜ್ ಬಾಗಿಲಿಗೆ ಕ್ಯಾಲೆಂಡರ್ ಹಾಳೆ ಅಂಟಿಸಿ ಹಾಕಿದೋರು ಟಿಕ್ ಮಾಡ್ಬೇಕು ಅಂತಾಯ್ತು, ಇಲ್ಲಾಂದ್ರೆ ಗುಂಡ ಒಬ್ಬೊಬ್ರ ಮುಂದೆ ಒಂದೊಂದ್ಸಲ ಮುಖ ಸಣ್ಣ ಮಾಡ್ಕೊಂಡು ಎರಡೆರಡು ಊಟ ಹೊಡೀತಿದ್ದ. ಮೊದಲ ನಾಲ್ಕು ದಿನ ಅತ್ತೆ ನನ್ನ ಹತ್ರ ಮಾತೇ ಆಡ್ಲಿಲ್ಲ, "ಮೂಕಪ್ರಾಣಿಗೆ ಅಳತೆ ಮಾಡಿ ಹಾಕ್ತಾರಂತೆ" ಅಂತ ಎದುರುಮನೆಯವ್ರ ಹತ್ರ ಹೇಳಿದ್ದೂ ಕಿವಿಗೆ ಬಿತ್ತು. ಭೇದಿ ನಿಂತ ಮೇಲೆ ಅವ್ರೇ ಮೂರೂವರೆ ಡ್ಯೂಟಿ ತಗೊಂಡ್ರು.

ಬಟ್ಟಲು ಇಡೋ ಜಾಗ ದಿನಾ ಒಂದೇ ಇರ್ಲಿ, ಜನ ಓಡಾಡದ ಮೂಲೆ ಆದ್ರೆ ಒಳ್ಳೇದು. ಮೊದಲ ಒಂದೆರಡು ವಾರ ಒಣ ಕಾಳನ್ನ ಉಗುರು ಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ ಕೊಡಿ (ನೀರಲ್ಲಿ, ಹಾಲಲ್ಲಿ ಅಲ್ಲ). ಬಟ್ಟಲಿಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಡಿ, ತಿಂದ್ರೆ ಸರಿ, ಬಿಟ್ರೆ ಎತ್ತಿಡಿ, ಹಿಂದೆ ಹಿಂದೆ ಹೋಗಿ ಬಾಯಿಗೆ ತುರುಕಬೇಡಿ. ದಿನವಿಡೀ ಬಟ್ಟಲು ಅಲ್ಲೇ ಬಿಟ್ರೆ ಮರಿಗೆ ಟೈಮೂ ಬರಲ್ಲ, ನೆನೆಸಿದ ಊಟ ನಮ್ಮ ಸೆಖೆಗೆ ಹುಳಿ ಬರುತ್ತೆ, ಇರುವೆ ಅಂತೂ ಕೇಳ್ಲೇಬೇಡಿ. ಇರುವೆಗೆ ನಮ್ಮ ಅಜ್ಜಿಯಂದಿರ ಉಪಾಯನೇ ಸಾಕು, ತಟ್ಟೇಲಿ ನೀರು ಹಾಕಿ ಅದರ ನಡುವೆ ಬಟ್ಟಲಿಡೋದು. ಕುಡಿಯೋ ನೀರು ಮಾತ್ರ ಯಾವಾಗ್ಲೂ ಇರ್ಬೇಕು, ಅದಕ್ಕೆ ಟೈಮ್ ಇಲ್ಲ.

ತಿನ್ನುವಾಗ ಬಟ್ಟಲಿಗೆ ಕೈ ಹಾಕೋದು, ಎಳೆದು "ನೋಡೋಣ ಬೈಯುತ್ತಾ" ಅಂತ ಪರೀಕ್ಷೆ ಮಾಡೋದು ಬೇಡ. ಅದರಿಂದಲೇ ಗುರ್ ಅನ್ನೋದು ಕಲೀತವೆ. ಅದರ ಬದಲು ಹತ್ರ ಹೋದಾಗೆಲ್ಲ ಬಟ್ಟಲಿಗೆ ಒಂದು ಚೂರು ಬೇಯಿಸಿದ ಚಿಕನ್ನೋ ಮೊಟ್ಟೆನೋ ಹಾಕಿ ಬನ್ನಿ, ಮನುಷ್ಯ ಬಂದ ಅಂದ್ರೆ ಒಳ್ಳೇದೇ ಬಂತು ಅಂತ ಅದಕ್ಕೆ ಗೊತ್ತಾಗುತ್ತೆ. ಚಿಕ್ಕ ಮಕ್ಕಳಿರೋ ಮನೇಲಂತೂ ಇದು ಮುಖ್ಯ.

ಊಟ ಆದ ಹದಿನೈದರಿಂದ ಮೂವತ್ತು ನಿಮಿಷದೊಳಗೆ ಹೊರಗೆ ಕರ್ಕೊಂಡು ಹೋಗಿ. ಹೊಟ್ಟೆ ತುಂಬಿದ ಕೂಡ್ಲೇ ಕರುಳು ಅಲ್ಲಾಡೋಕೆ ಶುರುವಾಗುತ್ತೆ, ಹಂಗಾಗಿ ಊಟದ ಟೈಮ್ ಸರಿ ಹೋದ್ರೆ ಕಕ್ಕದ ಟೈಮ್ ತಾನಾಗೇ ಸರಿ ಹೋಗುತ್ತೆ. ಲಸಿಕೆ ಪೂರ್ತಿ ಆಗೋವರೆಗೆ ಬೀದಿ ನಾಯಿಗಳು ಓಡಾಡೋ ಕಡೆ ಬೇಡ, ಮನೆ ಕಾಂಪೌಂಡೋ ಟೆರೇಸೋ ಸಾಕು, ಯಾಕಂದ್ರೆ ಮರಿಗಳಿಗೆ ಜೋರು ವಾಂತಿ ಭೇದಿ ತರೋ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ.

ಏನು ಹಾಕ್ಬೇಕು ಅನ್ನೋದರಲ್ಲಿ ಜಗಳ ಜಾಸ್ತಿ. ಮರಿ ಎಲ್ಲಿಂದ ಬಂತೋ ಅಲ್ಲಿ ಏನು ತಿಂತಿತ್ತೋ ಮೊದಲ ಎರಡು ಮೂರು ದಿನ ಅದನ್ನೇ ಹಾಕಿ, ಆಮೇಲೆ ಒಂದು ವಾರ ಹತ್ತು ದಿನದಲ್ಲಿ ಕಾಲು ಭಾಗ ಹೊಸದು, ಅರ್ಧ, ಮುಕ್ಕಾಲು ಅಂತ ನಿಧಾನಕ್ಕೆ ಬದಲಾಯಿಸಿ. ಪಪ್ಪಿ ಅಂತ ಬರೆದಿರೋದೇ ತಗೊಳ್ಳಿ, ದೊಡ್ಡ ನಾಯಿ ಫುಡ್ ಕಮ್ಮಿ ರೇಟಿಗೆ ಸಿಗುತ್ತೆ ಅಂತ ಅದನ್ನ ತರಬೇಡಿ. ಹಸುವಿನ ಹಾಲು ಬೇಡ, ಎದೆಹಾಲು ಬಿಟ್ಟ ಮೇಲೆ ಬಹಳ ಮರಿಗಳಿಗೆ ಲ್ಯಾಕ್ಟೋಸ್ ಜೀರ್ಣ ಆಗಲ್ಲ, ನಮ್ಮ ಗುಂಡನ ಅರ್ಧ ಭೇದಿ ಅದರದ್ದೇ. ಒಂದೆರಡು ಚಮಚ ಮೊಸರು ಸಾಮಾನ್ಯವಾಗಿ ತಡ್ಕೊಳ್ತವೆ.

ಮನೆ ಊಟನೇ ಹಾಕ್ತೀವಿ ಅನ್ನೋರಿಗೆ ಒಂದು ಮಾತು. ಬರೀ ಅನ್ನ ಚಿಕನ್ ಹಾಕಿದ್ರೆ ಕ್ಯಾಲ್ಸಿಯಂ ತುಂಬಾ ಕಮ್ಮಿ ಬೀಳುತ್ತೆ, ಆಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳ್ಕೊಂಡು ಕಾಲು ಸೊಟ್ಟ ಆಗುತ್ತೆ. ಬರೀ ಹಾಲು ಅನ್ನ, ಮುದ್ದೆ ಅಂದ್ರೆ ಪ್ರೋಟೀನ್ ಸಾಲಲ್ಲ. ಉಪ್ಪು ಖಾರ ಇಲ್ಲದೆ ಬೇಯಿಸಿದ ಚಿಕನ್, ಅನ್ನ, ಕ್ಯಾರೆಟ್ ಸಿಹಿಗುಂಬಳ ಒಳ್ಳೇದೇ, ಆದ್ರೆ ಯಾವ ಸಪ್ಲಿಮೆಂಟ್ ಎಷ್ಟು ಸೇರಿಸ್ಬೇಕು ಅಂತ ಡಾಕ್ಟ್ರ ಹತ್ರ ಬರೆಸ್ಕೊಂಡು ಬನ್ನಿ. ಇದಕ್ಕೆ ಉಲ್ಟಾ ತಪ್ಪೂ ಇದೆ, ಪಪ್ಪಿ ಫುಡ್ ಹಾಕ್ತಾ ಅದರ ಮೇಲೆ ಕ್ಯಾಲ್ಸಿಯಂ ಸಿರಪ್ ಸುರಿಯೋದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಥರ ದೊಡ್ಡ ಜಾತಿ ಮರಿಗಳಿಗೆ ಜಾಸ್ತಿ ಕ್ಯಾಲ್ಸಿಯಂ ಹೋದ್ರೆ ಮೂಳೆ ಕೀಲು ಸರಿಯಾಗಿ ಬೆಳೆಯಲ್ಲ, ಅವುಗಳಿಗೆ ದೊಡ್ಡ ಜಾತಿಗೆ ಅಂತಲೇ ಬರೋ ಪಪ್ಪಿ ಫುಡ್ ಇದೆ. ಸಸ್ಯಾಹಾರಿ ಮನೆ ಆದ್ರೆ ಮಾಂಸ ಬೇಯಿಸೋ ತಲೆನೋವಿಲ್ಲದೆ ಪ್ಯಾಕೆಟ್ ಪಪ್ಪಿ ಫುಡ್ಡೇ ಸುಲಭ, ನಮ್ಮನೇಲೂ ಅದೇ, ಅತ್ತೆ ಅದಕ್ಕೆ ಬೇರೆ ಚಮಚ ಇಟ್ಟಿದ್ದಾರೆ. ಗುಂಡನ ಆ ಚಿಕನ್ ಚೂರು ಮೊಟ್ಟೆ ಎಲ್ಲ ಎದುರುಮನೆಯ ಕೃಪೆ.

ಕೊಡಲೇಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ಅಂದ್ರೆ ನಮ್ಮ ಸಾಂಬಾರು ಪಲ್ಯ ಬಹುತೇಕ ಎಲ್ಲ ಹೋಯ್ತು. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ವಿಷ, ಹಂಗಾಗಿ ಹಬ್ಬದ ದಿನ ಪಾಯಸ ಕೇಸರಿಬಾತ್ ನೆಲಕ್ಕೆ ಬಿದ್ರೆ ಮರಿಗಿಂತ ಮೊದ್ಲು ನೀವು ಓಡಿ. ಚಾಕ್ಲೇಟ್, ಶುಗರ್‌ಫ್ರೀ ಚೂಯಿಂಗ್ ಗಮ್ಮಲ್ಲಿರೋ ಜೈಲಿಟಾಲ್, ಬೇಯಿಸಿದ ಮೂಳೆ (ಸೀಳಿ ಗಂಟಲು ಕರುಳು ಚುಚ್ಚುತ್ತೆ) ಇವೂ ಬೇಡ.

ಒಂದು ಹೊತ್ತು ಊಟ ಬಿಟ್ಟು ಚೆನ್ನಾಗಿ ಆಡ್ಕೊಂಡಿದ್ರೆ ಗಾಬರಿ ಬೇಡ. ನಾಲ್ಕು ಐದು ತಿಂಗಳಲ್ಲಿ ಹಲ್ಲು ಬದಲಾಗುವಾಗ ವಸಡು ನೋಯುತ್ತೆ, ಆಗ ಮತ್ತೆ ನೆನೆಸಿ ಕೊಟ್ರೆ ತಿಂತವೆ. ಆದ್ರೆ ಎರಡು ಹೊತ್ತು ಬಿಟ್ಟು ಮಂಕಾಗಿ ಮಲಗಿದ್ರೆ, ವಾಂತಿ ಭೇದಿ ಒಟ್ಟಿಗೆ ಬಂದ್ರೆ, ರಕ್ತ ಕಂಡ್ರೆ, ಮಜ್ಜಿಗೆ ಕುಡಿಸಿ ನಾಳೆವರೆಗೆ ನೋಡೋಣ ಅನ್ನಬೇಡಿ. ಪಾರ್ವೊ ಬಂದ ಮರಿ ಒಂದೆರಡು ದಿನದಲ್ಲೇ ಕೈತಪ್ಪಿ ಹೋಗಬಹುದು.

ನಾಲ್ಕರಿಂದ ಮೂರಕ್ಕೆ ಇಳಿಸೋದು ಕ್ಯಾಲೆಂಡರ್ ನೋಡಿನೇ ಆಗ್ಬೇಕು ಅಂತಿಲ್ಲ. ಗುಂಡ ಮೂರು ತಿಂಗಳ ಹೊತ್ತಿಗೆ ಹನ್ನೊಂದರ ಊಟಕ್ಕೆ ಮೂಸಿ ಹೋಗಿ ಮಲಗೋಕೆ ಶುರು ಮಾಡಿದ, ಆಗ ಅದನ್ನ ತೆಗೆದು, ದಿನದ ಒಟ್ಟು ಅಳತೆ ಕಡಿಮೆ ಮಾಡದೆ, ಆ ಪಾಲನ್ನ ಉಳಿದ ಮೂರಕ್ಕೆ ಹಂಚಿ, ಮಧ್ಯಾಹ್ನದ್ದನ್ನ ಒಂದೂವರೆಗೆ ತಂದ್ವಿ, ಒಂದೇ ದಿನಕ್ಕಲ್ಲ, ದಿನಕ್ಕೆ ಕಾಲು ಗಂಟೆ ಹಿಂದಕ್ಕೆ ತರ್ತಾ ತರ್ತಾ. ಆರು ತಿಂಗಳಿಗೆ ಮಧ್ಯಾಹ್ನದ್ದೂ ಹೀಗೇ ಹೋಯ್ತು. ದೊಡ್ಡವರ ಫುಡ್‌ಗೆ ಬದಲಾಯಿಸೋದು ಸುಮಾರು ಒಂದು ವರ್ಷಕ್ಕೆ, ದೊಡ್ಡ ಜಾತಿಗಳಿಗೆ ಇನ್ನೂ ಕೆಲವು ತಿಂಗಳು ತಡವಾಗಿ, ಅದೇ ಕಾಲು, ಅರ್ಧ, ಮುಕ್ಕಾಲು ಲೆಕ್ಕದಲ್ಲಿ. ಮಧ್ಯಾಹ್ನದ ಡ್ಯೂಟಿ ಹೋಯ್ತಲ್ಲ ಅಂತ ಅತ್ತೆಗೆ ಸ್ವಲ್ಪ ಬೇಜಾರು, ಅದಕ್ಕೆ ಡಬ್ಬಿಯಿಂದ ಹತ್ತು ಕಾಳು ಅವ್ರ ಸೆರಗಿನ ಗಂಟಲ್ಲಿ ಇರುತ್ತೆ. ಅದನ್ನೂ ಎಣಿಸೇ ಕೊಟ್ಟಿರ್ತೀನಿ.